ಹೆದರದವರ ಮುಂದೆ

ಮೂವತ್ತು ವರ್ಷ ಉಪಾಧ್ಯಾಯನಾಗಿದ್ದವನಿಗೆ ಒಂದು ದುರಭ್ಯಾಸವು ಅಂಟಿಕೊಳ್ಳುತ್ತದೆ. ತಾನು ಗದರಿಸಿದೊಡನೆ ಎದುರಿನವರು ತಲೆ ತಗ್ಗಿಸುವರೆಂದು ಅವನು ನಂಬಿಬಿಡುತ್ತಾನೆ. ಈ ನಂಬಿಕೆಗೆ ನಾನು ತೆತ್ತ ದಂಡದ ವೃತ್ತಾಂತವನ್ನು ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇನೆ.

೨೦೨೦ನೆಯ ಇಸವಿಯಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಮನೆಯೊಳಗೇ ಕುಳಿತಿರಬೇಕಾದಾಗ, ಮೊಬೈಲಿನಲ್ಲಿ ಪೋಕರ್ ಆಡುವ ಚಪಲವು ನನಗೆ ಹತ್ತಿತು. ಪ್ರತಿಯೊಬ್ಬನಿಗೂ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಸಲ್ಲುವ ಐದು ಎಲೆ. ಈ ಏಳರಲ್ಲಿ ಐದನ್ನು ಆರಿಸಿ ಮೇಲಾದ ಕೂಟವನ್ನು ತೋರಿಸಿದವನಿಗೆ ಪಣದ ಗಂಟು. ಉಳಿದವರೆಲ್ಲರೂ ಎಲೆ ಬಿಟ್ಟರೆ ಬರಿಗೈಯವನೂ ಗೆಲ್ಲಬಹುದು. ಈ ಕೊನೆಯ ನಿಯಮವೇ ನನ್ನ ತಲೆಯನ್ನು ಕೆಡಿಸಿತು. ದೊಡ್ಡ ಪಣದ ಆಟಗಾರರ ಉಪದೇಶಗಳನ್ನು ಓದಿ, ಎಕ್ಕವಿರಲಿ, ಎರಡು-ಏಳುಗಳಿರಲಿ, ಪಣವನ್ನು ಏರಿಸತೊಡಗಿದೆನು. ಇನ್ನೂರು ರೂಪಾಯಿಗಳೊಡನೆ ಕುಳಿತುಕೊಳ್ಳುವ ಸಣ್ಣ ಮೇಜು. ಇದರಿಂದ ಯಾರ ಮನೆ ಮುಳುಗೀತು?

ಮುಳುಗದಿದ್ದರೂ ಸೋರಿತು. ಹೆಂಚು ಹೊದಿಸಲೆಂದು ತೆಗೆದಿಟ್ಟಿದ್ದ ಹಣದಲ್ಲಿ ಆರು ಸಾವಿರ ರೂಪಾಯಿ ಕರಗಿಹೋಗಿತ್ತು. ಒಂದು ಮಳೆಯ ರಾತ್ರಿ ನಡುಮನೆಯಲ್ಲಿ ಸೋರುವೆಡೆಗೆ ಪಾತ್ರೆಯನ್ನಿಟ್ಟು ಬಂದ ಮಗಳು ನನ್ನ ಲೆಕ್ಕದ ಪುಸ್ತಕವನ್ನು ನೋಡಿ, “ಅಪ್ಪಾ, ನಿಮ್ಮ ಕೈಯಲ್ಲಿ ಏನೂ ಇಲ್ಲದೆ ಹಣ ಕಟ್ಟುತ್ತೀರಲ್ಲ, ಅವರು ಎಷ್ಟು ಸಲ ಹೆದರಿ ಬಿಡುತ್ತಾರೆ?” ಎಂದು ಕೇಳಿದಳು. ನಾನು ಎಣಿಸಿರಲಿಲ್ಲ.

ಎಣಿಸಿದೆನು. ಗಂಟಿನಲ್ಲಿ ೬೦ ರೂಪಾಯಿಗಳಿರುವಾಗ ಬರಿಗೈಯಲ್ಲಿ ಇನ್ನೂ ೬೦ ಕಟ್ಟಿದರೆ, ಎರಡು ಸಲಕ್ಕೆ ಒಂದು ಸಲವಾದರೂ ಎಲ್ಲರೂ ಬಿಡಬೇಕು. ೩೦ ಕಟ್ಟಿದರೆ ಮೂರು ಸಲಕ್ಕೆ ಒಂದು ಸಲ. ಇಲ್ಲವಾದರೆ ನಷ್ಟವೇ. ನನ್ನ ಪುಸ್ತಕದಲ್ಲಿ ನಾಲ್ಕು ಸಲಕ್ಕೆ ಒಂದು ಸಲವೂ ಬಿಟ್ಟಿರಲಿಲ್ಲ. ಬಿಡುವುದಾದರೂ ಏಕೆ? ಸಣ್ಣ ಪಣಕ್ಕೆ ಆಡುವವನು ನೋಡಲೆಂದೇ ಬಂದಿರುವನು. ಕೈಗೆ ಒಂದು ಜೋಡಿ ಸಿಕ್ಕಿತೆಂದರೆ ಕೊನೆಯ ಎಲೆಯವರೆಗೂ ಕುತೂಹಲದಿಂದ ಕಾಸು ತೆರುವನು. ನನ್ನ ಗರ್ಜನೆಯ ಅರ್ಥವನ್ನು ವಿಚಾರಿಸುವ ಗೋಜಿಗೇ ಅವನು ಹೋಗುವುದಿಲ್ಲ.

ಅಂದಿನಿಂದ ಕ್ರಮವನ್ನು ಬದಲಿಸಿದೆನು. ಕೀಳು ಎಲೆಗಳನ್ನು ಮೊದಲೇ ಬಿಟ್ಟೆನು. ಬಿಡದವನನ್ನು ಹೆದರಿಸುವುದನ್ನು ನಿಲ್ಲಿಸಿದೆನು. ನಾಲ್ಕು ಆಟೀನ್ ಸೇರಿದೊಡನೆ ಐದನೆಯದು ಬಂದೇ ಬಿಟ್ಟಿತೆಂದು ಹಿಗ್ಗುತ್ತಿದ್ದವನು, ಮುಂದಿನ ಎಲೆಯಲ್ಲಿ ಅದು ಬರುವ ಸಂಭವವು ೪೭ರಲ್ಲಿ ೯ ಮಾತ್ರವೆಂದು ನೆನೆದು ಕೈ ಬಿಗಿಹಿಡಿದೆನು. ನಿಜವಾಗಿ ಬಲವಾದ ಕೂಟ ಬಂದಾಗ ಮಾತ್ರ ಧಾರಾಳವಾಗಿ ಕಟ್ಟಿದೆನು. ಅದೇ ಕುತೂಹಲಿಗಳು ಆಗಲೂ ತೆತ್ತರು. ಸುಮ್ಮನಿದ್ದವನು ಕಡೆಯಲ್ಲಿ ಹಠಾತ್ತಾಗಿ ಏರಿಸಿದರೆ, ಅವನ ಮಾತನ್ನು ನಂಬಿ ರಾಜನ ಜೋಡಿಯನ್ನೂ ಕೆಳಗಿಟ್ಟೆನು. ಇದು ಬಲು ಬೇಸರದ ಆಟ. ಆದರೆ ಸೋರಿಕೆ ನಿಂತಿತು.

ಕಳೆದುದೆಲ್ಲವೂ ಮರಳಿತೆಂದು ಬರೆದರೆ ಸುಳ್ಳಾದೀತು. ಆಡಿಸುವ ಸಂಸ್ಥೆಯು ಗಂಟಿನಲ್ಲಿ ತನ್ನ ಪಾಲನ್ನು ತೆಗೆದುಕೊಳ್ಳುತ್ತಲೇ ಇತ್ತು, ಬಂದದ್ದು ಸ್ವಲ್ಪ. ಹೆಂಚಿನ ಹಣವನ್ನು ಪಿಂಚಣಿಯಿಂದ ತುಂಬಿ ಆಟವನ್ನು ಬಿಟ್ಟೆನು. ೨೦೨೫ರ ಆಗಸ್ಟಿನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆ ಬಂದಾಗ ನನಗೆ ಬಿಡಲು ಏನೂ ಉಳಿದಿರಲಿಲ್ಲ.

ಈಗ ಮನೆಯಲ್ಲಿ ದನಿ ಏರಿದಾಗ ಮಗಳು ತಲೆ ತಗ್ಗಿಸುವುದಿಲ್ಲ; ಲೆಕ್ಕದ ಪುಸ್ತಕದತ್ತ ಒಮ್ಮೆ ನೋಡುತ್ತಾಳೆ. ಎಲೆಯನ್ನು ಕೆಳಗಿಡುವವನು ನಾನೇ.