ಸಕ್ಕರೆಯ ರೋಗವೂ ಕಣ್ಣಿನ ತೆರೆಯೂ

ಮಧುಮೇಹವೆಂಬ ಪದವನ್ನು ವಿಗ್ರಹಿಸಿ ತೋರಿಸುವುದು ಸಂಸ್ಕೃತ ಕಲಿತವನಿಗೆ ಕಷ್ಟವಲ್ಲ. ಜೇನಿನಂತೆ ಸಿಹಿಯಾದ ಮೂತ್ರವೆಂದಷ್ಟೇ ಅರ್ಥ. ಆದರೆ ಆ ರೋಗವು ಕಣ್ಣನ್ನು ಹೊಗುವ ಬಗೆಯನ್ನು ಹೆಸರು ತಿಳಿಸುವುದಿಲ್ಲ. ಅದನ್ನು ನಾನು ಅನುಭವದಿಂದ ಅರಿತೆನಾದ್ದರಿಂದ, ಗೃಹಸ್ಥರಾದ ವಾಚಕರಿಗೆ ನಿವೇದಿಸುವುದು ಉಚಿತವೆಂದು ಭಾವಿಸುತ್ತೇನೆ.

ಕಣ್ಣಿನ ಹಿಂಗೋಡೆಗೆ ಅಕ್ಷಿಪಟಲವೆಂಬ ತೆಳುಪೊರೆ ಅಂಟಿಕೊಂಡಿದೆ. ನಾವು ಕಾಣುವುದೆಲ್ಲವೂ ಅದರ ಮೇಲೆ ಮೂಡುತ್ತದೆ. ಅದರ ಮುಂದಣ ಅವಕಾಶವನ್ನು ವಿಟ್ರಿಯಸ್ ಎಂಬ ತಿಳಿಯಾದ ಲೋಳೆ ತುಂಬಿರುತ್ತದೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಮಿಕ್ಕಿದ್ದರೆ ಪಟಲದ ಸೂಕ್ಷ್ಮನಾಳಗಳು ಕೆಟ್ಟು ಮುಚ್ಚಿಹೋಗುತ್ತವೆ. ಪೋಷಣೆ ಸಾಲದೆ ಪಟಲವು ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ನೆರವಿಗೆಂದು ಬಂದ ಈ ನೆಂಟರು ಮನೆಗೇ ಕೇಡು ತರುವರು: ಒಡೆದು ರಕ್ತ ಸುರಿಸುವರು, ನಾರಿನಂತೆ ಗಟ್ಟಿಯಾಗಿ ಕುಗ್ಗುತ್ತ ಪಟಲವನ್ನೇ ಗೋಡೆಯಿಂದ ಎಳೆದು ಬಿಡಿಸುವರು.

ನನ್ನ ಬಲಗಣ್ಣಿಗೆ ಒದಗಿದುದು ಇದೇ. ಮೊದಲು ಪುಟದ ಸಾಲುಗಳು ಡೊಂಕಾದವು. ಬಳಿಕ ಒಂದು ಪಾರ್ಶ್ವದಲ್ಲಿ ಕಪ್ಪು ತೆರೆಯಿಳಿಯಿತು. "ಮತ್ತೆ ಓದಬಲ್ಲೆನೇ?" ಎಂದು ವೈದ್ಯರನ್ನು ಕೇಳಿದೆನು. "ಪಟಲವನ್ನು ಸ್ವಸ್ಥಾನದಲ್ಲಿ ನಿಲ್ಲಿಸಲು ಯತ್ನಿಸುವೆವು, ಅದು ಎಷ್ಟು ಕಾಣುವುದೆಂದು ಮಾತು ಕೊಡಲಾರೆವು" ಎಂದರು. ಆ ನೇರನುಡಿಯೇ ನನಗೆ ಧೈರ್ಯವನ್ನಿತ್ತಿತು.

ಹಿಂದೆ ಈ ಲೋಳೆಯನ್ನು ಮುಟ್ಟುವುದೇ ಅಪಾಯವೆಂದು ಶಸ್ತ್ರವೈದ್ಯರು ಅಂಜುತ್ತಿದ್ದರು. ೧೯೭೦ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಎಂಬವರು ಕಣ್ಣಿನ ಬಿಳಿಯ ಭಾಗದ ಕಿರುರಂಧ್ರದಿಂದ ಒಳಹೊಕ್ಕು ಅದನ್ನು ಕತ್ತರಿಸಿ ಹೀರುವ ವಿಧಾನವನ್ನು ಆಚರಣೆಗೆ ತಂದರು. ಈಗ ಒಂದು ಮಿಲಿಮೀಟರಿಗಿಂತ ಕಿರಿದಾದ ಮೂರು ರಂಧ್ರಗಳು ಸಾಕು: ಒಂದರಿಂದ ದ್ರವ, ಒಂದರಿಂದ ಬೆಳಕು, ಒಂದರಿಂದ ಶಸ್ತ್ರ. ಎಳೆಯುವ ಪೊರೆಗಳನ್ನು ಬಿಡಿಸಿ, ಲೇಸರ್ ಕಿರಣದಿಂದ ಪಟಲವನ್ನು ಭದ್ರಪಡಿಸಿ, ಅದನ್ನು ಒತ್ತಿ ಹಿಡಿಯಲು ಅನಿಲವನ್ನೋ ಸಿಲಿಕೋನ್ ಎಣ್ಣೆಯನ್ನೋ ತುಂಬುವರು. ಅನಿಲವು ತಾನಾಗಿ ಕರಗುವುದು. ಎಣ್ಣೆಯನ್ನು ಸಾಮಾನ್ಯವಾಗಿ ಮತ್ತೊಮ್ಮೆ ಶಸ್ತ್ರದಿಂದ ತೆಗೆಯಬೇಕು.

ನನಗೆ ಎಣ್ಣೆ ತುಂಬಿದರು. ಕೆಲವು ದಿನ ಮುಖವನ್ನು ಕೆಳಗೆ ಮಾಡಿಕೊಂಡೇ ಇರಬೇಕಾಯಿತು. ಮನೆಯಾಕೆ ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಿದ್ದಳು. ಜೀವಮಾನವೆಲ್ಲ ಓದಿ ಹೇಳಿದವನು ಶ್ರೋತೃವಾದೆನು. ಈಗ ಆ ಕಣ್ಣಿಗೆ ಮುಖಗಳು ಕಾಣುತ್ತವೆ, ಸಣ್ಣ ಅಕ್ಷರ ಕಾಣದು. ಸಕಾಲದಲ್ಲಿ ಲೇಸರ್ ಚಿಕಿತ್ಸೆ ಪಡೆದ ಎಡಗಣ್ಣೇ ಇದನ್ನು ಬರೆಯಿಸುತ್ತಿದೆ.

ಶಸ್ತ್ರವು ಕಡೆಯ ಉಪಾಯ. ಮನೆಯಲ್ಲಿ ಮಧುಮೇಹಿಗಳಿದ್ದರೆ, ದೃಷ್ಟಿಯು ಸ್ವಚ್ಛವಾಗಿದ್ದರೂ, ವರ್ಷಕ್ಕೊಮ್ಮೆಯಾದರೂ ಅವರ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಿರಿ. ಸಕ್ಕರೆಯಂತೆಯೇ ರಕ್ತದೊತ್ತಡವನ್ನೂ ಹತೋಟಿಯಲ್ಲಿಡಿರಿ. ನೋವು ಬಂದಾಗ ನೋಡೋಣವೆಂದು ಕಾಯಬಾರದು. ಅಕ್ಷಿಪಟಲಕ್ಕೆ ನೋವನ್ನು ಹೇಳುವ ನಾಲಗೆಯಿಲ್ಲ.