ಇನಿಶಿಯಲ್ ಇಲ್ಲದ ಮೊಮ್ಮಗ

ವಯನಾಡಿನ ನಮ್ಮ ಜೈನ ಗೌಡರ ಮನೆಗಳಲ್ಲಿ ಹೆಸರಿಗಿಂತ ಮೊದಲು ಅಕ್ಷರ ಬರುತ್ತದೆ. ಕಲ್ಪೆಟ್ಟದ ಎಂ.ಕೆ. ಪದ್ಮಪ್ರಭ ಗೌಡರ ಮಗ ಎಂ.ಪಿ. ವೀರೇಂದ್ರಕುಮಾರ್, ಅವರ ಮಗ ಎಂ.ವಿ. ಶ್ರೇಯಾಂಸಕುಮಾರ್. ಮೊದಲಕ್ಷರ ಮನೆತನದ್ದು, ಎರಡನೆಯದು ಅಪ್ಪನದು. ಎಸ್ಸೆಸ್ಸೆಲ್ಸಿ ಪುಸ್ತಕದಿಂದ ಲಗ್ನಪತ್ರಿಕೆವರೆಗೆ ಅಪ್ಪ ಬಿಡದೆ ಜೊತೆಗಿರುತ್ತಾನೆ.

ಓಸ್ಲೋದಲ್ಲಿರುವ ಮಗಳು ತನ್ನ ಮಗುವಿಗೆ ಓಲಾವ್ ಎಂದು ಹೆಸರಿಟ್ಟಳು. ಅಳಿಯ ಅಲ್ಲಿಯವನೇ, ಅದು ಅವನ ಅಜ್ಜನ ಹೆಸರಂತೆ. "ಚೆನ್ನಾಗಿದೆಯಮ್ಮ" ಎಂದೆ. "ಇನಿಶಿಯಲ್?" ಎಂದೂ ಕೇಳಿದೆ. "ಇಲ್ಲಿ ಆ ಕಾಲಮ್ಮೇ ಇಲ್ಲಪ್ಪ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಧರ್ಮ, ಸಂಸ್ಕೃತಿ ಎಂದೆಲ್ಲ ಹೆಂಡತಿಯ ಮುಂದೆ ಗೊಣಗಿದೆ. ನಿಜ ಹೇಳಬೇಕೆಂದರೆ, ಅಳಿಯನ ಅಜ್ಜ ಗೆದ್ದು ನನ್ನಪ್ಪ ಧರಣೇಂದ್ರ ಸೋತದ್ದೇ ಸಂಕಟ. ನನ್ನಪ್ಪನಿಗೂ ಮುಂದೆ ಸಾಲಿನಲ್ಲಿ ನಾನಿದ್ದೆ.

ಆ ಗೆದ್ದ ಹೆಸರಿನ ಜಾತಕ ಜಾಲಾಡಿದೆ, ತಪ್ಪು ಹುಡುಕುವ ಆಸೆಯಿಂದಲೇ. ಹಿರಿಯರು ಬಿಟ್ಟುಹೋದ ಕುಡಿ ಎಂಬಂಥ ಅರ್ಥವಂತೆ. ಅಲ್ಲೇ ನನ್ನ ಅರ್ಧ ವಾದ ಬಿದ್ದುಹೋಯಿತು. ನಾರ್ವೆಯ ದೊರೆ ಓಲಾವ್ 1030ರಲ್ಲಿ ಸ್ಟಿಕ್ಲೆಸ್ಟಾಡ್ ಕಾಳಗದಲ್ಲಿ ಸತ್ತ, ಮರುವರ್ಷವೇ ಸಂತನಾದ. ಲಂಡನ್ನಿನಲ್ಲೂ ಅವನ ಹೆಸರಿನ ಚರ್ಚುಗಳೆದ್ದವು. 1905ರಲ್ಲಿ ಡೆನ್ಮಾರ್ಕಿನ ರಾಜಕುಮಾರ ಕಾರ್ಲ್ ನಾರ್ವೆಯ ಗದ್ದುಗೆಗೆ ಬಂದಾಗ, ಎರಡು ವರ್ಷದ ಮಗ ಅಲೆಕ್ಸಾಂಡರನನ್ನು ಓಲಾವ್ ಮಾಡಿದರು. ಪರರಾಜ್ಯದ ಕೂಸು ಒಂದೇ ಹೆಸರಿನಿಂದ ನಾಡಿನ ಮಗುವಾಯಿತು! ಪಾಪ, ಅಲೆಕ್ಸಾಂಡರ್ ಎಂದು ಕರೆದರೆ ಅದು ಎಷ್ಟು ದಿನ ತಿರುಗಿ ನೋಡಿತೋ.

ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಿಗೆ ಹೋದ ನಾರ್ಸ್ ಜನರ ಓಲಾವ್, ಅಲ್ಲಿನ ನಾಲಗೆಯಲ್ಲಿ 'ಓಲಾವನ ಮಗ' ಆಗಿ ಮೆಕಾಲೆ ಎಂಬ ಮನೆತನದ ಹೆಸರಾದ. ತಿರುವಾಂಕೂರಿನಲ್ಲಿ ವೇಲುತಂಬಿ ದಳವಾಯಿ ತಿರುಗಿಬಿದ್ದದ್ದು ರೆಸಿಡೆಂಟ್ ಕಾಲಿನ್ ಮೆಕಾಲೆಯ ಮೇಲೆ. ಅವನ ತಮ್ಮನ ಮಗ ಥಾಮಸ್ ಮೆಕಾಲೆ 1834ರಲ್ಲಿ ಮೈಸೂರಿನ ಮೇಲಿಂದ ಊಟಿಗೆ ಬಂದ. ಊಟಿ ನಮಗೆ ಪಕ್ಕದೂರು. ನನ್ನ ಮೊಮ್ಮಗನ ಹೆಸರು ಅವನಿಗಿಂತ ಎಷ್ಟೋ ಮೊದಲು, ವೇಷ ಮರೆಸಿಕೊಂಡು, ಇಲ್ಲಿ ಸುಳಿದಾಡಿ ಹೋಗಿತ್ತು.

ಇಷ್ಟೆಲ್ಲ ತಿಳಿದ ಮೇಲೂ ಒಳಗಿನ ಮನುಷ್ಯ ಬದಲಾಗಲಿಲ್ಲ. ಮೊನ್ನೆ ಕಾಫಿತೋಟದ ಉಯಿಲಿಗೆ ಮೊಮ್ಮಗನ ಹೆಸರು ಸೇರಿಸುವಾಗ ವಕೀಲರು ಇನಿಶಿಯಲ್ ಕೇಳಿದರು. ಇಲ್ಲ ಎನ್ನಬಹುದಿತ್ತು, ಅಳಿಯನದನ್ನು ಹೇಳಬಹುದಿತ್ತು. "ಡಿ., ಧರಣೇಂದ್ರ" ಎಂದೆ. ಟೈಪಾಗಿ ಬಂದಿದೆ. ಮಗಳಿಗಿನ್ನೂ ಹೇಳಿಲ್ಲ, ತಿದ್ದಿಸುವ ಇರಾದೆಯೂ ಇಲ್ಲ.