ಗಾಜಿನ ಕೆಳಗಿನ ಹಾಳೆ

2023ರ ಆಗಸ್ಟ್ 23ರ ಸಂಜೆ ನೀವೂ ಟಿ.ವಿ. ಮುಂದೆ ಕೂತಿದ್ದಿರಬೇಕು. ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿಯುತ್ತಿತ್ತು. ಆದರೆ ಪರದೆಯ ಮೇಲೆ ಹೆಚ್ಚಾಗಿ ಕಂಡದ್ದು ಚಂದ್ರನಲ್ಲ, ನಮ್ಮ ಬೆಂಗಳೂರಿನ ಪೀಣ್ಯದ ಒಂದು ಹಾಲ್. ಅಲ್ಲಿ ಕಂಪ್ಯೂಟರುಗಳ ಮುಂದೆ ಸಾಲುಸಾಲಾಗಿ ಕೂತ ಜನ. ಆಗ ಎಂಟನೇ ಕ್ಲಾಸಿನಲ್ಲಿದ್ದ ಮಗಳು ಕೇಳಿದಳು:

"ಅಪ್ಪಾ, ನೌಕೆ ತಾನಾಗೇ ಇಳೀತಿದೆ ಅಂತಾರೆ. ಇಷ್ಟು ಜನ ಕೂತು ಏನ್ಮಾಡ್ತಿದಾರೆ?"

"ಸುಮ್ನೆ ನೋಡು" ಅಂದೆ. ಉತ್ತರ ಗೊತ್ತಿಲ್ಲದಾಗ ತಂದೆಯಂದಿರು ಹೇಳುವ ಮಾತು ಅದು.

ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಮನುಷ್ಯರೇ ಇಲ್ಲದ ನೌಕೆಗೆ ಇಷ್ಟು ಜನ ಬೇಕಾದರೆ, ಮನುಷ್ಯರನ್ನೇ ಕಳಿಸಿದಾಗ ನೆಲದ ಮೇಲಿರುವವರ ಪಾಡೇನು? ಲೈಬ್ರರಿಯಿಂದ ಪುಸ್ತಕ ತಂದು ಓದತೊಡಗಿದೆ. ಹಾಗೆ ನನಗೆ ಪರಿಚಯವಾದವರು ಅಪೊಲೊ-11ರ ಇಬ್ಬರು ಹುಡುಗರು. ಹುಡುಗರೇ ಅನ್ನಬೇಕು, ಸ್ಟೀವ್ ಬೇಲ್ಸ್‌ಗೆ 26 ವರ್ಷ, ಜ್ಯಾಕ್ ಗಾರ್ಮನ್‌ಗೆ 24.

ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ ನಿಯಂತ್ರಣ ಕೇಂದ್ರದಲ್ಲಿ ಕೆಲಸ ಹಂಚಿಕೆಯಾಗಿದ್ದ ರೀತಿಯೇ ಸ್ವಾರಸ್ಯಕರ. ನಾವು ಚಿತ್ರಗಳಲ್ಲಿ ನೋಡುವ ದೊಡ್ಡ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊಣೆ. ಎಲ್ಲರ ಮೇಲೆ ಫ್ಲೈಟ್ ಡೈರೆಕ್ಟರ್. ಇಳಿಯುವ ಹೊತ್ತಿಗೆ ಆ ಜಾಗದಲ್ಲಿದ್ದವರು ಜೀನ್ ಕ್ರಾಂಜ್. ಗಗನಯಾತ್ರಿಗಳ ಜೊತೆ ಮಾತಾಡಲು ಮಾತ್ರ ಒಬ್ಬರೇ, ಅವರೂ ಗಗನಯಾತ್ರಿಯೇ. ಅಂದು ಚಾರ್ಲಿ ಡ್ಯೂಕ್. ಬೇಲ್ಸ್ ಈ ಮುಂದಿನ ಕೋಣೆಯವನು, ನೌಕೆಯ ಕಂಪ್ಯೂಟರ್ ಮತ್ತು ದಾರಿ ಅವನ ಹೊಣೆ. ಅವನ ಬೆನ್ನಿಗೆ ಬೇರೊಂದು ಕೋಣೆಯಲ್ಲಿ ಗಾರ್ಮನ್. ಇಂಥ ಹಿಂದಿನ ಕೋಣೆಗಳಲ್ಲಿ ಕೂತವರು ಚಿತ್ರಗಳಲ್ಲಿ ಕಾಣುವುದು ಅಪರೂಪ.

1969ರ ಜುಲೈ 20. ನಮ್ಮಲ್ಲಿ ಆಗಲೇ ನಡುರಾತ್ರಿ ದಾಟಿ 21 ಆಗಿತ್ತು. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ನೆಲದಿಂದ ಸುಮಾರು 10 ಕಿ.ಮೀ. ಎತ್ತರದಲ್ಲಿದ್ದಾಗ ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿತು: 1202. ಅದರ ಅರ್ಥವೇನೆಂದು ಅವರಿಬ್ಬರಿಗೂ ಗೊತ್ತಿಲ್ಲ. ಆರ್ಮ್‌ಸ್ಟ್ರಾಂಗ್ ಕೆಳಗಿನವರನ್ನು ಕೇಳಿದರು. ಮುಂದುವರಿಯಬೇಕೇ, ಇಳಿಯುವುದನ್ನು ಬಿಟ್ಟು ಮೇಲೇರಬೇಕೇ? ನೌಕೆ ಇಳಿಯುತ್ತಲೇ ಇದೆ. ಇಲ್ಲಿಂದ ಹೊರಟ ಮಾತು ಅಲ್ಲಿಗೆ ಮುಟ್ಟುವುದಕ್ಕೇ ಒಂದು ಸೆಕೆಂಡಿಗೂ ಹೆಚ್ಚು ಬೇಕು.

ಗಾರ್ಮನ್ ಮೇಜಿನ ಗಾಜಿನಂಥ ಹಲಗೆಯ ಕೆಳಗೆ ಒಂದು ಹಾಳೆ ಇಟ್ಟುಕೊಂಡಿದ್ದ. ಕಂಪ್ಯೂಟರ್ ಕೊಡಬಹುದಾದ ಎಚ್ಚರಿಕೆಗಳು, ಪ್ರತಿಯೊಂದಕ್ಕೂ ಏನು ಮಾಡಬೇಕು ಎಂಬ ಪಟ್ಟಿ, ಕೈಬರಹದಲ್ಲಿ. ಪದೇ ಪದೇ ಬರದಿದ್ದರೆ, ಬೇರೆಲ್ಲ ಸರಿಯಿದ್ದರೆ, 1202ರಿಂದ ಅಪಾಯವಿಲ್ಲ. ಗಾರ್ಮನ್ ಬೇಲ್ಸ್‌ಗೆ ಹೇಳಿದ, ಬೇಲ್ಸ್ ಕ್ರಾಂಜ್‌ಗೆ, ಡ್ಯೂಕ್ ಮೇಲಿನವರಿಗೆ. ಎಚ್ಚರಿಕೆ ಬಂದ ಅರ್ಧ ನಿಮಿಷದೊಳಗೆ 'ಮುಂದುವರಿಯಿರಿ' ಎಂಬ ಉತ್ತರ ಹೋಗಿತ್ತು.

ಆ 1202ರ ಅರ್ಥ ನಮ್ಮ ಅಡಿಗೆಮನೆಯಲ್ಲಿ ದಿನಾ ನಡೆಯುವಂಥದೇ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಬಾಗಿಲಲ್ಲಿ ಬೆಲ್ಲು, ಒಳಗೆ ಫೋನು. ನನ್ನಾಕೆ ಮೊದಲು ಒಲೆ ಆರಿಸುತ್ತಾಳೆ, ಉಳಿದದ್ದು ಆಮೇಲೆ. ಒಂದು ರೇಡಾರ್‌ನಿಂದ ಬೇಡದ ಕೆಲಸ ಮೇಲೆ ಬಿದ್ದಿದ್ದರಿಂದ ಆ ಪುಟ್ಟ ಕಂಪ್ಯೂಟರ್ ಅಷ್ಟು ಮುಖ್ಯವಲ್ಲದ್ದನ್ನೆಲ್ಲ ಬಿಟ್ಟು, ಇಳಿಸುವ ಕೆಲಸವನ್ನು ಮಾತ್ರ ಕೈಬಿಡದೆ ಹಿಡಿದುಕೊಂಡಿತ್ತು.

ಇದನ್ನು ಮಗಳಿಗೆ ಹೇಳಿದ್ದೆ. ಆದರೆ ಆ ಹಾಳೆ ಎಲ್ಲಿಂದ ಬಂತೆಂಬುದನ್ನು ಹೇಳಿರಲಿಲ್ಲ. ಅದು ನನಗೆ ನೆನಪಾಗಬೇಕಾದರೆ ಒಂದು ಜಗಳವೇ ಆಗಬೇಕಾಯಿತು.

ಅವಳು ಎಸ್ಸೆಸ್ಸೆಲ್ಸಿಗೆ ಬಂದಳು. ಪೂರ್ವಸಿದ್ಧತಾ ಪರೀಕ್ಷೆಯೂ ಮುಗಿಯಿತು. ಒಂದು ದಿನ ವಿದ್ಯುತ್ ಬಿಲ್ಲು ಹುಡುಕುತ್ತ ಬೀರುವಿನ ತಟ್ಟಿಗೆ ಹಾಸಿದ್ದ ಪೇಪರ್ ಎತ್ತಿದರೆ, ಕೆಳಗೆ ಗಣಿತದ ಉತ್ತರಪತ್ರಿಕೆ. 80ಕ್ಕೆ 41. 'ಪೋಷಕರ ಸಹಿ' ಎಂಬಲ್ಲಿ ಖಾಲಿ. ನಾನು ಕೂಗಾಡಿದೆ. ಅಂಕಕ್ಕಿಂತ ಬಚ್ಚಿಟ್ಟದ್ದಕ್ಕೇ ಸಿಟ್ಟು ಎಂದೂ ಸೇರಿಸಿದೆ. ಅದು ಅರ್ಧ ಸುಳ್ಳು. ಅವಳು ಅಳಲಿಲ್ಲ. "ತೋರಿಸಿದ್ರೆ ಹಿಂಗೇ ಬೈತಿದ್ರಿ ಅಲ್ವಾ?" ಎಂದು ಕೇಳಿ ಒಳಗೆ ಹೋದಳು.

ರಾತ್ರಿ ನಿದ್ದೆ ಹತ್ತಲಿಲ್ಲ. ಆಗ ನೆನಪಾದದ್ದು ಹ್ಯೂಸ್ಟನ್‌ನ ತಾಲೀಮು.

ಹಾರಾಟಕ್ಕೆ ಮೊದಲು ಅವರು ತಿಂಗಳುಗಟ್ಟಲೆ ನಕಲಿ ಹಾರಾಟ ನಡೆಸುತ್ತಿದ್ದರು. ನಿಯಂತ್ರಣದವರಿಗೆ ಬೇಕೆಂದೇ ತೊಂದರೆ ಕೊಡಲು ಒಂದು ಪ್ರತ್ಯೇಕ ತಂಡ. ಇಂದು ಎಂಜಿನ್ ಕೆಡಿಸು, ನಾಳೆ ರೇಡಿಯೊ ನಿಲ್ಲಿಸು, ಸಂಬಳ ಬರುತ್ತಿದ್ದುದೇ ಅದಕ್ಕೆ. ಹಾರಾಟಕ್ಕೆ ಹೆಚ್ಚು ದಿನ ಉಳಿದಿಲ್ಲದಾಗ ಅವರು ಇಂಥದೇ ಒಂದು ಕಂಪ್ಯೂಟರ್ ಎಚ್ಚರಿಕೆಯನ್ನು ತೂರಿಸಿದರು. ಬೇಲ್ಸ್‌ಗೆ ಅದೇನೆಂದು ತಿಳಿಯಲಿಲ್ಲ. ಇಳಿಯುವುದು ಬೇಡ ಎಂದುಬಿಟ್ಟ. ಕ್ರಾಂಜ್ ಹಾಗೇ ಆಜ್ಞೆ ಕೊಟ್ಟರು. ತಾಲೀಮು ಮುಗಿದ ಮೇಲೆ ಆ ತಂಡದವರು, ಅದು ತಪ್ಪು ನಿರ್ಧಾರ, ಇಳಿಯಬಹುದಿತ್ತು ಎಂದರು. ಕ್ರಾಂಜ್‌ಗೆ ಮೊದಲು ಸಿಟ್ಟು ಬಂತಂತೆ. ಆದರೆ ಬೇಲ್ಸ್ ಬಲ್ಲವರ ಜೊತೆ ಕೂತು ಪರಿಶೀಲಿಸಿ, ಅವರು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡ. ಆಮೇಲೆ ಕ್ರಾಂಜ್ ಹೇಳಿದ್ದು ಇಷ್ಟೇ: ಇರುವ ಎಚ್ಚರಿಕೆಗಳನ್ನೆಲ್ಲ ಪಟ್ಟಿ ಮಾಡಿ. ಗಾರ್ಮನ್‌ನ ಹಾಳೆ ಹುಟ್ಟಿದ್ದು ಹಾಗೆ. ಎಲ್ಲರೆದುರು ತಪ್ಪಿದ ಅದೇ ಬೇಲ್ಸ್‌ನನ್ನು ಇಳಿಯುವ ದಿನ ಅದೇ ಮೇಜಿನಲ್ಲಿ ಕೂರಿಸಿದರು. ಮುಂದೆ ಇಡೀ ತಂಡದ ಪರವಾಗಿ ಅಧ್ಯಕ್ಷ ನಿಕ್ಸನ್‌ರಿಂದ ಪ್ರಶಸ್ತಿ ಪಡೆದವನೂ ಅವನೇ.

ತಪ್ಪಿದ್ದನ್ನು ಬೇಲ್ಸ್ ಬೀರುವಿನಲ್ಲಿ ಬಚ್ಚಿಟ್ಟಿದ್ದರೆ?

ಬೆಳಿಗ್ಗೆ ಉತ್ತರಪತ್ರಿಕೆಗೆ ಸಹಿ ಹಾಕಿ ಮಗಳ ಮುಂದಿಟ್ಟೆ, ತಾಲೀಮಿನ ಕತೆಯನ್ನೂ ಹೇಳಿದೆ. ಅವಳು ಮಾತಾಡಲಿಲ್ಲ. ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಗೋಡೆಗೆ ಒಂದು ಹಾಳೆ ಅಂಟಿಸಿದ್ದಳು. ನಮ್ಮ ಮೇಜಿಗೆ ಗಾಜಿಲ್ಲ. ಎಲ್ಲೆಲ್ಲಿ ತಪ್ಪಿದ್ದಳೋ ಅಷ್ಟೂ ಅದರಲ್ಲಿತ್ತು: ಆವರಣ ಬಿಡಿಸುವಾಗ ಚಿಹ್ನೆ ಬದಲಿಸಿಲ್ಲ, ಪ್ರಮೇಯದಲ್ಲಿ ಚಿತ್ರ ಬರೆದಿಲ್ಲ, ಕೊನೇ ಲೆಕ್ಕಕ್ಕೆ ಹೊತ್ತು ಸಾಲಲಿಲ್ಲ. ಇಬ್ಬರೂ ಕೂತು ಒಂದೊಂದಾಗಿ ಬಿಡಿಸತೊಡಗಿದೆವು. ಏಳನೇ ಲೆಕ್ಕ ನಾನೇ ಮಾಡಿ ತೋರಿಸುತ್ತೇನೆಂದು ಪೆನ್ನು ಕಿತ್ತುಕೊಂಡೆ. ಉತ್ತರ ಪುಸ್ತಕದ ಉತ್ತರಕ್ಕೆ ಕೂಡಲಿಲ್ಲ. ಆವರಣ ಬಿಡಿಸುವಾಗ ಚಿಹ್ನೆ ಬದಲಿಸಿರಲಿಲ್ಲ.

"ರೀ, ಹಾಳೇಲಿ ನಿಮ್ಮ ಹೆಸರೂ ಬರೀರಿ" ಅಂದಳು ನನ್ನಾಕೆ, ಅಡಿಗೆಮನೆಯಿಂದಲೇ. ಮಗಳು ಬರೆದೇಬಿಟ್ಟಳು.